ಇಳಿಜಾರು ಕಲಿಸಿದ ಪಾಠ: ಕ್ಲೆಸ್ಸಿ ಕಮಿನ್ಸ್ ಜೀವನ

ನಮ್ಮ ಸಂಘದಲ್ಲಿ ಡೀಸೆಲ್ ಪಿಕಪ್ ಓಡಿಸಿ ದುಡಿಯುವವರು ಕಡಿಮೆ ಏನಿಲ್ಲ. ತರಕಾರಿ, ನೀರಿನ ಕ್ಯಾನು, ಎ.ಸಿ. ಸಾಮಾನು, ಸೈಟಿನ ಕಬ್ಬಿಣ, ಏನೇ ಇರಲಿ, ಹಿಂದೆ ತುಂಬಿಕೊಂಡು ಬೆಳಿಗ್ಗೆ ಐದಕ್ಕೇ ಹೊರಡುವವರು. ಅವರಿಗೆಲ್ಲ ಕಮಿನ್ಸ್ ಅನ್ನುವ ಹೆಸರು ಚೆನ್ನಾಗಿ ಗೊತ್ತು. ಸೈಟಿನ ಜನರೇಟರ್ ಮೇಲೆ ಅದೇ ಹೆಸರು, ದೊಡ್ಡ ಟ್ರಕ್ಕಿನ ಎಂಜಿನ್ ಮೇಲೆ ಅದೇ ಹೆಸರು. ಅಮೆರಿಕದಲ್ಲಿ 1989ರಿಂದ ಡಾಡ್ಜ್ ರಾಮ್ ಪಿಕಪ್ಪಿನ ಬಾನೆಟ್ ಒಳಗೂ ಅದೇ. ಆದರೆ ಅದು ಒಬ್ಬ ಮನುಷ್ಯನ ಹೆಸರು, ಆ ಮನುಷ್ಯನೂ ನಮ್ಮ ಹಾಗೇ ಬೇರೆಯವರ ಗಾಡಿ ಓಡಿಸಿ ಜೀವನ ಶುರು ಮಾಡಿದವರು ಅನ್ನುವುದು ಎಷ್ಟು ಜನಕ್ಕೆ ಗೊತ್ತು? ಘಾಟಿ ಇಳಿಯುವ ಡೀಸೆಲ್ ಗಾಡಿಯ ಬ್ರೇಕ್ ಉಳಿಸಲು ಅವರು ಮಾಡಿದ ಕೆಲಸ ಇನ್ನೂ ಕಡಿಮೆ ಜನಕ್ಕೆ ಗೊತ್ತು. ಅದಕ್ಕೇ ಈ ಲೇಖನ.

ಕ್ಲೆಸ್ಸಿ ಲೈಲ್ ಕಮಿನ್ಸ್ ಹುಟ್ಟಿದ್ದು 1888ರ ಡಿಸೆಂಬರ್ 27ರಂದು, ಅಮೆರಿಕದ ಇಂಡಿಯಾನಾ ರಾಜ್ಯದ ಒಂದು ರೈತ ಕುಟುಂಬದಲ್ಲಿ. ಓದು ಎಂಟನೇ ಕ್ಲಾಸಿಗೇ ಮುಗಿಯಿತು. ಆದರೆ ಕೈ ಮಾತ್ರ ಸುಮ್ಮನೆ ಕೂರಲಿಲ್ಲ. ಹನ್ನೊಂದರ ವಯಸ್ಸಿನಲ್ಲೇ ಮರದಲ್ಲಿ ಅಚ್ಚು ಕೆತ್ತಿ, ಕಬ್ಬಿಣ ಕರಗಿಸಿ ಹೊಯ್ದು ಒಂದು ಸಣ್ಣ ಸ್ಟೀಮ್ ಎಂಜಿನ್ ಮಾಡಿದ ಹುಡುಗ ಅದು. ಮುಂದೆ ಮೆಕ್ಯಾನಿಕ್ ಕೆಲಸ ಹುಡುಕಿಕೊಂಡು ಊರೂರು ಸುತ್ತಿದರು. 1911ರಲ್ಲಿ ಇಂಡಿಯಾನಾಪೊಲಿಸ್‌ನ ಮೊಟ್ಟಮೊದಲ 500 ಮೈಲಿ ರೇಸಿನಲ್ಲಿ ರೇ ಹ್ಯಾರೂನ್ ಗೆದ್ದರಲ್ಲ, ಅವರ ಕಾರಿನ ಹಿಂದೆ ಕೆಲಸ ಮಾಡಿದ ಹುಡುಗರಲ್ಲಿ ಕ್ಲೆಸ್ಸಿಯೂ ಒಬ್ಬರು.

ಅವರಿಗೆ ದಾರಿ ತೆರೆದದ್ದು ಡ್ರೈವರ್ ಕೆಲಸ. ಕೊಲಂಬಸ್ ಅನ್ನುವ ಸಣ್ಣ ಊರಿನಲ್ಲಿ ವಿಲಿಯಂ ಇರ್ವಿನ್ ಅಂತ ಒಬ್ಬ ಬ್ಯಾಂಕ್ ಸಾಹುಕಾರರಿದ್ದರು. ಅವರ ಮನೆಯ ಕಾರು ಓಡಿಸುವುದು, ರಿಪೇರಿ ನೋಡಿಕೊಳ್ಳುವುದು ಕ್ಲೆಸ್ಸಿಯ ಕೆಲಸ. ಕಾರು ನಿಲ್ಲಿಸುವ ಶೆಡ್ಡಿನಲ್ಲೇ ಸಾಹುಕಾರರು ಒಂದು ವರ್ಕ್‌ಶಾಪ್ ಹಾಕಿಕೊಳ್ಳಲು ಬಿಟ್ಟರು. ಮೊದಲ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಸೈನ್ಯದ ಗಾಡಿಗಳಿಗೆ ಚಕ್ರದ ಗುಂಬ ತಯಾರಾಗುತ್ತಿತ್ತು. 1919ರ ಫೆಬ್ರವರಿಯಲ್ಲಿ ಇರ್ವಿನ್ ಅವರ ಹಣ, ಕ್ಲೆಸ್ಸಿಯ ಕೈಕೆಲಸ ಸೇರಿ ಕಮಿನ್ಸ್ ಎಂಜಿನ್ ಕಂಪನಿ ಹುಟ್ಟಿತು.

ಡೀಸೆಲ್ ಎಂಜಿನ್ ಕಂಡುಹಿಡಿದವರು ಕಮಿನ್ಸ್ ಅಲ್ಲ, ಜರ್ಮನಿಯ ರುಡಾಲ್ಫ್ ಡೀಸೆಲ್. ಅವರು 1913ರಲ್ಲೇ ತೀರಿಕೊಂಡಿದ್ದರು. ಆಗಿನ ಡೀಸೆಲ್ ಎಂಜಿನ್ ಅಂದರೆ ಹಡಗಿಗೆ, ಕಾರ್ಖಾನೆಗೆ ಹಾಕುವ ಭಾರಿ ವಸ್ತು. ಅದನ್ನು ರಸ್ತೆಗೆ ಇಳಿಸಬೇಕು ಅನ್ನುವುದು ಕ್ಲೆಸ್ಸಿಯ ಹಟ. ಮೊದಲ ಪ್ರಯತ್ನದಲ್ಲೇ ಕೈ ಸುಟ್ಟಿತು. ರೈತರಿಗಾಗಿ ಮಾಡಿದ ಸಣ್ಣ ಎಂಜಿನ್‌ಗಳನ್ನು ಸಿಯರ್ಸ್ ಅನ್ನುವ ದೊಡ್ಡ ವ್ಯಾಪಾರಿ ಕಂಪನಿಯ ಮೂಲಕ ಮಾರಿದರು. ಇಷ್ಟ ಆಗದಿದ್ದರೆ ವಾಪಸ್ ಕೊಡಬಹುದು ಅನ್ನುವ ನಿಯಮ ಇತ್ತಲ್ಲ, ಬಳಸಿದ ಮೇಲೆ ವಾಪಸ್ ಕಳಿಸಿದವರೇ ಬಹಳ. ಕಂಪನಿಗೆ ದೊಡ್ಡ ನಷ್ಟ. ಹತ್ತು ವರ್ಷ ಹಾಗೂ ಹೀಗೂ ನಡೆಯಿತು. 1929ರಲ್ಲಿ ಶೇರು ಮಾರುಕಟ್ಟೆಯೂ ಕುಸಿಯಿತು.

ಆಗ ಕ್ಲೆಸ್ಸಿ ಒಂದು ಹಳೇ ಪ್ಯಾಕಾರ್ಡ್ ಕಾರು ಹಿಡಿದು, ಅದರೊಳಗೆ ತಮ್ಮ ಡೀಸೆಲ್ ಎಂಜಿನ್ ಕೂರಿಸಿದರು. 1929ರ ಕ್ರಿಸ್‌ಮಸ್ ದಿನ ಸಾಹುಕಾರರನ್ನು ಕೂರಿಸಿಕೊಂಡು ಒಂದು ಸುತ್ತು ಹೋದರು. ಇರ್ವಿನ್ ಮತ್ತೆ ಹಣ ಹಾಕಿದರು. ಮುಂದಿನ ತಿಂಗಳೇ ಅದೇ ಕಾರನ್ನು ನ್ಯೂಯಾರ್ಕಿನ ಕಾರು ಪ್ರದರ್ಶನಕ್ಕೆ ಓಡಿಸಿದರು. ಸುಮಾರು 800 ಮೈಲಿ ದಾರಿ, ಇಂಧನದ ಖರ್ಚು ಎರಡು ಡಾಲರ್ ಒಳಗೇ. 1931ರ ಇಂಡಿಯಾನಾಪೊಲಿಸ್ ರೇಸಿಗೆ ಡೀಸೆಲ್ ಕಾರನ್ನೇ ಇಳಿಸಿದರು. 500 ಮೈಲಿಯಲ್ಲಿ ಒಮ್ಮೆಯೂ ನಿಲ್ಲದೆ ಅದು 13ನೇ ಸ್ಥಾನದಲ್ಲಿ ಮುಗಿಸಿತು. ಅಲ್ಲಿಯವರೆಗೆ ಆ ರೇಸನ್ನು ಒಂದೂ ಸಲ ನಿಲ್ಲದೆ ಮುಗಿಸಿದ ಕಾರು ಇರಲಿಲ್ಲ.

ಅದೇ ವರ್ಷ ಟ್ರಕ್ ಮಾಲೀಕರ ಕಣ್ಣು ತೆರೆಸಲು ಇನ್ನೊಂದು ಸಾಹಸ ಮಾಡಿದರು. ಡೀಸೆಲ್ ಟ್ರಕ್ಕನ್ನು ನ್ಯೂಯಾರ್ಕಿನಿಂದ ಲಾಸ್ ಏಂಜಲೀಸ್‌ಗೆ, ಪೂರ್ವದ ಕಡಲಿಂದ ಪಶ್ಚಿಮದ ಕಡಲಿಗೆ ಓಡಿಸುವುದು. 3,000 ಮೈಲಿಗೂ ಮೀರಿದ ದಾರಿಗೆ ಇಂಧನದ ಖರ್ಚು 11 ಡಾಲರ್ ಚಿಲ್ಲರೆ. ಲೆಕ್ಕ ನೋಡಿದವರೆಲ್ಲ ಬೆರಗಾದರು. ಆದರೆ ಆ ಪ್ರಯಾಣದಲ್ಲಿ ಕ್ಲೆಸ್ಸಿ ಜೀವ ಇರುವ ತನಕ ಮರೆಯದ ಘಟನೆ ಬೇರೆಯೇ ಇತ್ತು.

ಕ್ಯಾಲಿಫೋರ್ನಿಯಾದಲ್ಲಿ ಕಹೋನ್ ಪಾಸ್ ಅಂತ ಒಂದು ಘಾಟಿ ಇದೆ. ಬೆಟ್ಟದ ಮೇಲಿಂದ ಸ್ಯಾನ್ ಬರ್ನಾರ್ಡಿನೋ ಕಡೆಗೆ ಉದ್ದಕ್ಕೂ ಇಳಿಜಾರು. ನಮ್ಮ ಶಿರಾಡಿ, ಚಾರ್ಮಾಡಿ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಟ್ರಕ್ಕಿನಲ್ಲಿ ಕ್ಲೆಸ್ಸಿ ಮತ್ತು ಇನ್ನಿಬ್ಬರು. ಇಳಿಯುತ್ತಾ ಇಳಿಯುತ್ತಾ ಬ್ರೇಕ್ ಕಾದು ಹಿಡಿತ ಕಳೆದುಕೊಂಡಿತು. ಗೇರು ಕೆಳಗಿಳಿಸುವ ಹೊತ್ತು ಮೀರಿಹೋಗಿತ್ತು. ಕೆಳಗೆ ರೈಲ್ವೆ ಗೇಟು, ಅದರ ಮೇಲೆ ಗೂಡ್ಸ್ ಗಾಡಿ ದಾಟುತ್ತಿದೆ. ಟ್ರಕ್ ನಿಲ್ಲುವಂತಿಲ್ಲ, ತಿರುಗಿಸಲು ಜಾಗವಿಲ್ಲ. ಕೊನೆಯ ಡಬ್ಬಿ ದಾಟಿದ ಕ್ಷಣದಲ್ಲೇ ಟ್ರಕ್ ಹಳಿ ದಾಟಿ ಆಚೆ ಹೋಯಿತು. ಮೂವರೂ ಬದುಕಿದರು.

ಇಲ್ಲಿ ಸ್ವಲ್ಪ ನಿಂತು, ಹೀಗೇಕಾಯಿತು ಅಂತ ನೋಡೋಣ. ಇವತ್ತು ನಾವು ಓಡಿಸುವ ಪಿಕಪ್ಪಿಗೂ ಇದೇ ಲೆಕ್ಕ. ಪೆಟ್ರೋಲ್ ಎಂಜಿನ್‌ನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಗಾಳಿ ಬರುವ ದಾರಿ ಮುಚ್ಚಿಕೊಳ್ಳುತ್ತದೆ. ಪಿಸ್ಟನ್ ಬರಿದಾದ ಜಾಗದಿಂದ ಗಾಳಿ ಎಳೆಯಲು ಒದ್ದಾಡುತ್ತದೆ, ಆ ಒದ್ದಾಟದಿಂದ ಗಾಡಿ ತಾನಾಗಿ ನಿಧಾನವಾಗುತ್ತದೆ. ಡೀಸೆಲ್ ಎಂಜಿನ್‌ಗೆ ಅಂಥ ಮುಚ್ಚಳದ ಅವಶ್ಯಕತೆ ಇಲ್ಲ, ಗಾಳಿ ಸದಾ ಪೂರ್ತಿ ಒಳಗೆ ಬರುತ್ತದೆ. ಪಿಸ್ಟನ್ ಆ ಗಾಳಿಯನ್ನು ಒತ್ತುವಾಗ ಶಕ್ತಿ ಖರ್ಚಾಗುವುದು ನಿಜ. ಆದರೆ ಒತ್ತಿದ ಗಾಳಿ ಸ್ಪ್ರಿಂಗ್ ಹಾಗೆ ಪಿಸ್ಟನ್ನನ್ನು ಮತ್ತೆ ಕೆಳಗೆ ತಳ್ಳಿ, ತೆಗೆದುಕೊಂಡದ್ದನ್ನು ಬಹುಪಾಲು ವಾಪಸ್ ಕೊಟ್ಟುಬಿಡುತ್ತದೆ. ಹೀಗಾಗಿ ಹತ್ತುವಾಗ ಎತ್ತಿನಂತೆ ಎಳೆಯುವ ಎಂಜಿನ್ ಇಳಿಯುವಾಗ ತಡೆಯುವುದು ಕಡಿಮೆ. ಭಾರವೆಲ್ಲ ಬ್ರೇಕಿನ ಮೇಲೆ.

ಆ ಭಾರ ಎಷ್ಟು? ಲೋಡ್ ಸೇರಿ 3 ಟನ್ ಇರುವ ಪಿಕಪ್ 1,000 ಮೀಟರ್ ಎತ್ತರದಿಂದ ಇಳಿದರೆ ಹೊರಬೀಳುವ ಶಕ್ತಿಯಲ್ಲಿ ಸುಮಾರು 85 ಲೀಟರ್ ತಣ್ಣೀರನ್ನು ಕುದಿಸಬಹುದು. ಒಂದು ದೊಡ್ಡ ಹಂಡೆ ನೀರು! ಗಾಳಿ, ಟೈರು ಸ್ವಲ್ಪ ತಿನ್ನುತ್ತವೆ. ಬಾಕಿಯದನ್ನು ಎಂಜಿನ್ ತಡೆಯದಿದ್ದರೆ, ಅಂಗೈ ಅಗಲದ ಬ್ರೇಕ್ ಪ್ಯಾಡುಗಳೇ ನುಂಗಬೇಕು. ಪ್ಯಾಡ್ ಸವೆಯುವುದಕ್ಕೂ, ವಾಸನೆ ಬರುವುದಕ್ಕೂ, ಕೊನೆಗೆ ಹಿಡಿಯದೇ ಹೋಗುವುದಕ್ಕೂ ಇದೇ ಕಾರಣ.

ಕಥೆಗೆ ವಾಪಸ್ ಬರೋಣ. ಕಂಪನಿ ಮೊದಲ ಲಾಭ ಕಂಡದ್ದು 1937ರಲ್ಲಿ, ಅಂದರೆ ಶುರುವಾಗಿ 18 ವರ್ಷಕ್ಕೆ. ಆಡಳಿತವನ್ನು ಇರ್ವಿನ್ ಅವರ ಮನೆತನದ ಇರ್ವಿನ್ ಮಿಲ್ಲರ್ ವಹಿಸಿಕೊಂಡು ಬಹಳ ದೊಡ್ಡದಾಗಿ ಬೆಳೆಸಿದರು. 1962ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಜೊತೆ ಸೇರಿ ಕಿರ್ಲೋಸ್ಕರ್ ಕಮಿನ್ಸ್ ಆಯಿತು. ಆ ಕಿರ್ಲೋಸ್ಕರ್ ಉದ್ಯಮ ಕಟ್ಟಿದ ಲಕ್ಷ್ಮಣರಾವ್ ಅವರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು ಅನ್ನುವುದನ್ನೂ ನೆನೆಯಬೇಕು.

ಕ್ಲೆಸ್ಸಿ ಮಾತ್ರ ಕಂಪನಿಯ ಕೆಲಸದಿಂದ ಹಿಂದೆ ಸರಿದು ಕ್ಯಾಲಿಫೋರ್ನಿಯಾ ಸೇರಿದರು. ಅರವತ್ತು ದಾಟಿದ ಮೇಲೆ ಆರಾಮಾಗಿ ಕೂರಬಹುದಿತ್ತು. ಆದರೆ ಕಹೋನ್ ಇಳಿಜಾರು ಅವರನ್ನು ಬಿಡಲಿಲ್ಲ. ಡೀಸೆಲ್ ಟ್ರಕ್ಕುಗಳು ದೇಶವೆಲ್ಲ ಓಡುತ್ತಿದ್ದವು. ತಾವು ಓಡುವುದನ್ನು ಕಲಿಸಿದ ಎಂಜಿನ್‌ಗೆ ತಡೆಯುವುದನ್ನೂ ಕಲಿಸಬೇಕಿತ್ತು.

ಯೋಚನೆ ಸರಳವಾಗಿತ್ತು. ಪಿಸ್ಟನ್ ಗಾಳಿಯನ್ನು ಪೂರ್ತಿ ಒತ್ತಿ ಮೇಲೆ ಬಂದ ಕ್ಷಣದಲ್ಲಿ ಎಕ್ಸಾಸ್ಟ್ ವಾಲ್ವ್ ಸ್ವಲ್ಪ ತೆರೆದುಬಿಟ್ಟರೆ? ಒತ್ತಿದ ಗಾಳಿ ಹೊರಗೆ ಹಾರಿಹೋಗುತ್ತದೆ, ಪಿಸ್ಟನ್ನನ್ನು ವಾಪಸ್ ತಳ್ಳುವ ಸ್ಪ್ರಿಂಗೇ ಇಲ್ಲವಾಗುತ್ತದೆ. ಆಗ ಎಂಜಿನ್ ಗಾಡಿಯ ಶಕ್ತಿಯನ್ನು ತಿನ್ನುತ್ತದೆ, ವಾಪಸ್ ಕೊಡುವುದಿಲ್ಲ. ಕಷ್ಟ ಇದ್ದದ್ದು ಆ ಕ್ಷಣಕ್ಕೆ ಸರಿಯಾಗಿ ವಾಲ್ವ್ ತೆರೆಯುವುದರಲ್ಲಿ. ಉತ್ತರ ಅವರದೇ ಎಂಜಿನ್‌ನಲ್ಲಿತ್ತು. ಡೀಸೆಲ್ ಚಿಮ್ಮಿಸುವ ಇಂಜೆಕ್ಟರನ್ನು ಒತ್ತಲು ಅದರಲ್ಲಿ ಒಂದು ಪ್ರತ್ಯೇಕ ಕ್ಯಾಮ್ ಇತ್ತು, ಅದು ಒತ್ತುತ್ತಿದ್ದುದೂ ಸರಿಸುಮಾರು ಅದೇ ಕ್ಷಣದಲ್ಲಿ. ಆ ಚಲನೆಯನ್ನೇ ಆಯಿಲ್ ಒತ್ತಡದ ಮೂಲಕ ವಾಲ್ವಿಗೆ ದಾಟಿಸಿದರು.

ಡ್ರಿಲ್ಲಿನ ಚಕ್ ಮಾಡಿ ಹೆಸರಾಗಿದ್ದ ಜೇಕಬ್ಸ್ ಕಂಪನಿ ಇದನ್ನು ತಯಾರಿಸಿ 1961ರಲ್ಲಿ ಮಾರುಕಟ್ಟೆಗೆ ತಂದಿತು. ಇವತ್ತಿಗೂ ಡ್ರೈವರುಗಳು ಅದನ್ನು ಜೇಕ್ ಬ್ರೇಕ್ ಅನ್ನುತ್ತಾರೆ. ದಡದಡ ಅಂತ ಮೆಷಿನ್‌ಗನ್ ಹಾಗೆ ಸದ್ದು. ಊರೊಳಗೆ ಬಳಸಬೇಡಿ ಅಂತ ಅಮೆರಿಕದಲ್ಲಿ ಬೋರ್ಡು ಹಾಕುವಷ್ಟು. ಘಟನೆಯಿಂದ ಉತ್ತರ ಅಂಗಡಿಗೆ ಬರುವ ತನಕ 30 ವರ್ಷ ಹಿಡಿಯಿತು. ಕ್ಲೆಸ್ಸಿ 1968ರಲ್ಲಿ, ತಮ್ಮ 79ನೇ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ಸಣ್ಣ ಪಿಕಪ್ಪುಗಳಲ್ಲಿ ಜೇಕ್ ಬ್ರೇಕ್ ಇರುವುದಿಲ್ಲ. ದೊಡ್ಡ ಲಾರಿಗಳಲ್ಲಿ ಎಕ್ಸಾಸ್ಟ್ ಬ್ರೇಕ್ ಇರುತ್ತದೆ, ಹೊಗೆ ಕೊಳವೆ ಮುಚ್ಚಿ ಎಂಜಿನ್ ತಡೆಯುವಂಥದ್ದು. ಅದೂ ಇಲ್ಲದವರಿಗೆ ಉಳಿದಿರುವುದು ಗೇರು. ಎಂಜಿನ್ ತಡೆಯುವುದು ಕಡಿಮೆ ಅಂದೆನಲ್ಲ, ಸಣ್ಣ ಗೇರಿನಲ್ಲಿ ಅದು ಜೋರಾಗಿ ತಿರುಗುವುದರಿಂದ ಆ ಕಡಿಮೆಯೇ ಎಷ್ಟೋ ಪಟ್ಟು ಹೆಚ್ಚಾಗುತ್ತದೆ. ಒಮಾನಿನ ಜಬಲ್ ಅಖ್ದರ್ ಇರಲಿ, ಸೌದಿಯ ತಾಯಿಫ್‌ನಿಂದ ಇಳಿಯುವ ಅಲ್ ಹದಾ ರಸ್ತೆ ಇರಲಿ, ಇಳಿಜಾರು ಶುರುವಾಗುವ ಮೊದಲೇ ಸಣ್ಣ ಗೇರಿಗೆ ಹಾಕಿ. ಅರ್ಧ ದಾರಿಯಲ್ಲಿ ಗೇರು ಹುಡುಕಬೇಡಿ. ಆಟೋಮ್ಯಾಟಿಕ್ ಆದರೆ ಡಿ ಬಿಟ್ಟು 2 ಅಥವಾ ಎಲ್. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಬಿಟ್ಟು ತಣಿಯಲು ಬಿಡಿ.

ಡೀಸೆಲ್ ಉಳಿಯುತ್ತೆ ಅಂತ ನ್ಯೂಟ್ರಲ್‌ನಲ್ಲಿ ಇಳಿಸುವ ಅಭ್ಯಾಸ ಕೆಲವರಿಗಿದೆ. ಈಗಿನ ಎಂಜಿನ್‌ಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ಲನ್ನೇ ನಿಲ್ಲಿಸಿಬಿಡುತ್ತವೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಂತೆ ಇರಲು ಸ್ವಲ್ಪ ಕುಡಿಯುತ್ತಲೇ ಇರುತ್ತವೆ. ಉಳಿತಾಯವೂ ಇಲ್ಲ, ತಡೆಯೂ ಇಲ್ಲ. ಎಂಜಿನ್ ಆಫ್ ಮಾಡಿ ಇಳಿಸುವುದಂತೂ ಬೇಡವೇ ಬೇಡ. ಡೀಸೆಲ್ ಗಾಡಿಯಲ್ಲಿ ಬ್ರೇಕ್ ಬೂಸ್ಟರ್ ಕೆಲಸ ಮಾಡುವುದು ಎಂಜಿನ್ ತಿರುಗಿಸುವ ವ್ಯಾಕ್ಯೂಮ್ ಪಂಪಿನಿಂದ. ಎಂಜಿನ್ ನಿಂತರೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತದೆ. ಎಂಜಿನ್ ಓಡುವಾಗಲೇ ಪೆಡಲ್ ಗಟ್ಟಿಯಾಗುತ್ತಿದ್ದರೆ ಆ ಪಂಪು, ಅದರ ಪೈಪು ತೋರಿಸಿ.

ಪ್ಯಾಡ್ 3 ಮಿಲಿಮೀಟರಿಗೆ ಬಂದರೆ ಬದಲಿಸಿ. ಹಿಂದಿನ ಡ್ರಮ್ಮಿನ ಲೈನರ್ ಕಣ್ಣಿಗೆ ಕಾಣುವುದಿಲ್ಲ, ಅದನ್ನೂ ಬಿಚ್ಚಿ ನೋಡಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸದಾಗಿದ್ದಾಗ ಡಾಟ್ 3 ಕನಿಷ್ಠ 205 ಡಿಗ್ರಿ ತನಕ ಕುದಿಯುವುದಿಲ್ಲ, ತೇವ ಸೇರಿದರೆ 140ಕ್ಕೇ ಕುದಿಯಬಹುದು. ಕುದಿದರೆ ಪೈಪಿನಲ್ಲಿ ಆವಿ ತುಂಬಿ ಪೆಡಲ್ ನೆಲಕ್ಕೆ ಹೋಗುತ್ತದೆ. ಕಡಲ ತೀರದ ಈ ಸೆಕೆಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ಅರ್ಧ ಬಳಸಿ ಸೀಟಿನ ಕೆಳಗೆ ಇಟ್ಟ ಹಳೇ ಡಬ್ಬಿ ಬೇಡ. ಆಯಿಲ್ ಅಂತ ಹೆಸರಿದ್ದರೂ ಅದು ಬೇರೆ ಜಾತಿ. ಎಂಜಿನ್ ಆಯಿಲ್ ಹಾಕಿದರೆ ಒಳಗಿನ ರಬ್ಬರು ಉಬ್ಬಿ ಬ್ರೇಕೇ ಕೆಡುತ್ತದೆ. ಸುಟ್ಟ ವಾಸನೆ ಬಂದರೆ ಪಕ್ಕಕ್ಕೆ ನಿಲ್ಲಿಸಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ತಣಿಯುವ ತನಕ ಕಾಯಿರಿ. ಕಾದ ಡಿಸ್ಕಿಗೆ ನೀರು ಎರಚಬೇಡಿ.

ಒಂದು ಜೊತೆ ಪ್ಯಾಡಿಗೆ, ಒಂದು ಡಬ್ಬಿ ಬ್ರೇಕ್ ಆಯಿಲ್‌ಗೆ ಆಗುವ ಖರ್ಚು ನಾವು ತಿಂಗಳಿಗೊಮ್ಮೆ ಊರಿಗೆ ಕಳಿಸುವ ಹಣದ ಮುಂದೆ ಎಷ್ಟರದ್ದು? ಗೂಡ್ಸ್ ರೈಲಿನ ಕೊನೆಯ ಡಬ್ಬಿ ಕ್ಲೆಸ್ಸಿಗಾಗಿ ಸರಿಯಾದ ಹೊತ್ತಿಗೆ ದಾಟಿತು. ನಮಗೂ ಹಾಗೇ ದಾಟುತ್ತದೆ ಅಂತ ನಂಬಿ ಕೂರಬೇಕಾಗಿಲ್ಲ. ಮುಂದಿನ ರಜೆಯ ದಿನ ಹತ್ತು ನಿಮಿಷ ಬಿಡುವು ಮಾಡಿ ಒಂದು ಚಕ್ರ ಬಿಚ್ಚಿ ನೋಡಿ.