ಜೇಮ್ಸ್ ಪ್ಯಾರಿಸ್ ಲೀ

ಹಿಂದೆ ಪೊಲೀಸರ ಹೆಗಲ ಮೇಲೂ ಎನ್.ಸಿ.ಸಿ. ಕೆಡೆಟ್ಟುಗಳ ಕೈಯಲ್ಲೂ ಇದ್ದ ತ್ರೀ-ನಾಟ್-ತ್ರೀ ಬಂದೂಕನ್ನು ನಮ್ಮ ಬಳ್ಳಾರಿ ಸೀಮೆಯಲ್ಲಿ ಬಲ್ಲವರು ಅನೇಕರು. ಅದರ ಬೋಲ್ಟನ್ನು ಕಲ್ಪಿಸಿದ ಲೀಯನ್ನು ಬಲ್ಲವರು ವಿರಳ.

ಲೀ ೧೮೩೧ರಲ್ಲಿ ಸ್ಕಾಟ್ಲೆಂಡಿನ ಹಾವಿಕ್ ಎಂಬ ಊರಿನಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ಅವನ ಕುಟುಂಬ ಕೆನಡಾಕ್ಕೆ ವಲಸೆ ಹೋಯಿತು. ತಂದೆಯದು ಗಡಿಯಾರದ ಕಸುಬು. ಮಗನೂ ಅದನ್ನೇ ಕಲಿತನು. ಮುಂದೆ ಅಮೆರಿಕದ ವಿಸ್ಕಾನ್ಸಿನ್ ಸೇರಿ ಬಂದೂಕು ತಯಾರಿಕೆಗೆ ತೊಡಗಿದನು. ಅಂತರ್ಯುದ್ಧದ ಕೊನೆಯಲ್ಲಿ ಸರ್ಕಾರ ಅವನಿಗೆ ಒಂದು ಸಾವಿರ ಬಂದೂಕುಗಳ ಗುತ್ತಿಗೆ ಕೊಟ್ಟಿತು. ನಳಿಗೆಯ ಅಳತೆ ಸರಿಯಿಲ್ಲವೆಂದು ಅವುಗಳನ್ನು ತಿರಸ್ಕರಿಸಿತು.

ಲೀ ಧೃತಿಗೆಡಲಿಲ್ಲ. ೧೮೭೯ರಲ್ಲಿ ಬೋಲ್ಟಿನ ಕೆಳಗೆ ಗುಂಡಿನ ಪೆಟ್ಟಿಗೆ ಕೂಡಿಸುವ ಉಪಾಯಕ್ಕೆ ಪೇಟೆಂಟ್ ಪಡೆದನು. ೧೮೮೮ರಲ್ಲಿ ಬ್ರಿಟಿಷ್ ಸೇನೆ ಅವನ ಬೋಲ್ಟನ್ನೂ ಪೆಟ್ಟಿಗೆಯನ್ನೂ ಸ್ವೀಕರಿಸಿತು. ೧೮೯೫ರಲ್ಲಿ ಲೀ-ಎನ್‌ಫೀಲ್ಡ್ ಬಂದಿತು. ಮುಂದೆ ಬಂಗಾಳದ ಇಶಾಪುರದ ಕಾರ್ಖಾನೆಯೂ ಅದನ್ನು ತಯಾರಿಸಿತು.

ಅಳತೆಯೇ ಈ ಬಂದೂಕಿನ ಪ್ರಾಣ. ಒಂದರ ಬೋಲ್ಟನ್ನು ಮತ್ತೊಂದಕ್ಕೆ ಹಾಕಬಾರದೆಂದೇ ಬೋಲ್ಟಿಗೂ ಬಂದೂಕಿಗೂ ಒಂದೇ ನಂಬರು ಕೆತ್ತಿರುತ್ತಾರೆ. ಬೋಲ್ಟಿನ ತಲೆಗೂ ತೋಟಾದ ಬುಡಕ್ಕೂ ನಡುವಣ ಸಂದು ಹೆಚ್ಚಾದರೆ ತೋಟಾ ಸೀಳಿ, ಬಿಸಿ ಅನಿಲ ಹೊಡೆಯುವವನ ಮುಖಕ್ಕೆ ನುಗ್ಗಬಹುದು. ಆ ತಲೆಯನ್ನು ತಿರುಪಿ ತೆಗೆದು, ತಕ್ಕ ಅಳತೆಯ ಬೇರೊಂದನ್ನು ಕೂಡಿಸಿ ಆರ್ಮರರ್ ದೋಷವನ್ನು ತಿದ್ದುತ್ತಾನೆ. ಟ್ರಿಗರಿಗೆ ಸೇರಿದ ಕೊಕ್ಕೆ ಸವೆದರೂ ಅಪಾಯವೇ: ಬೋಲ್ಟ್ ಮುಚ್ಚುವಾಗ ಹೊಡೆಯುವ ಮೊಳೆ ಹಿಂದೆ ನಿಲ್ಲದೆ ಜಾರಿ ಮುಂದಕ್ಕೆ ಹೋಗುತ್ತದೆ.

ಲೀ ೧೯೦೪ರಲ್ಲಿ ಅಮೆರಿಕದಲ್ಲಿ ನಿಧನನಾದನು. ಒಮ್ಮೆ ಅಳತೆಯ ವ್ಯತ್ಯಾಸಕ್ಕೆ ಬೆಲೆ ತೆತ್ತವನ ಬಂದೂಕನ್ನು ದುರಸ್ತಿ ಮಾಡುವವನು ಇಂದಿಗೂ ಮೊದಲು ನೋಡುವುದು ಅಳತೆಯನ್ನೇ.