ಬೇರಿಗೆ ನೀರೆರೆದ ವ್ಯಾಯಾಮ ಶಿಕ್ಷಕ: ಪ್ರೊ. ಕೆ.ವಿ. ಅಯ್ಯರ್



ಹೋದ ಬೇಸಿಗೆಯಲ್ಲಿ ನಮ್ಮ ರಾಮಸಮುದ್ರದ ಒಬ್ಬ ಹುಡುಗ ನನ್ನ ಮನೆಗೆ ಬಂದಿದ್ದ. ಯಾದಗಿರಿಯಲ್ಲಿ ಪದವಿ ಓದುತ್ತಾನೆ. ಕೈಯಲ್ಲಿ ಕೊಡದಂಥ ದೊಡ್ಡ ಪ್ಲಾಸ್ಟಿಕ್ ಡಬ್ಬಿ. ಅದರೊಳಗಿನ ಪ್ರೋಟೀನ್ ಪುಡಿಯನ್ನು ಹಾಲಿನಲ್ಲಿ ಕಲಸಬೇಕೋ ನೀರಿನಲ್ಲೋ, ಜಿಮ್‌ಗೆ ಹೋಗುವ ಮೊದಲು ಕುಡಿಯಬೇಕೋ ಬಂದ ಮೇಲೋ, ಮೊದಲಾದರೆ ಎಷ್ಟು ನಿಮಿಷ ಮೊದಲು ಎಂದು ಕೇಳಲು ಬಂದಿದ್ದ. ಮೊಬೈಲಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರಂತೆ. ಡಬ್ಬಿಯ ಬೆಲೆ ಕೇಳಿದೆ. ಅವನ ತಂದೆ ಗಂಜಿನಲ್ಲಿ ವಾರವಿಡೀ ತೊಗರಿ ಚೀಲ ಹೊತ್ತರೆ ಬರುವ ದುಡ್ಡು ಅದು.

ನಾನು ಬೇರೆ ಲೆಕ್ಕ ಕೇಳಿದೆ. ಕಳೆದ ತಿಂಗಳು ಎಷ್ಟು ದಿನ ವ್ಯಾಯಾಮ ಮಾಡಿದ? ಬೆರಳು ಮಡಿಚಿ ಎಂಟು ದಿನ ಎಂದ. ರಾತ್ರಿ ಮಲಗುವುದು ಎಷ್ಟಕ್ಕೆ? ಒಂದೂವರೆ, ಎರಡು. ಬೆಳಗಿನ ನಾಷ್ಟಾ? ಹೆಚ್ಚಾಗಿ ಇಲ್ಲ. ಎಂಟು ದಿನದ ವ್ಯಾಯಾಮಕ್ಕೆ ಪುಡಿಯನ್ನು ಎಷ್ಟು ನಿಮಿಷ ಮೊದಲು ಕುಡಿದರೇನು ಎಂದು ನಾನು ಗದರಿಸಬಹುದಿತ್ತು. ಗದರಿಸಲಿಲ್ಲ. ಅವನಿಗೆ ಒಬ್ಬ ಹಿರಿಯರ ಬದುಕಿನ ಕಥೆ ಹೇಳಿದೆ. ಅದನ್ನೇ ಈಗ ನಿಮಗೂ ಹೇಳಹೊರಟಿದ್ದೇನೆ.

ನಮ್ಮ ನಾಡಿನಲ್ಲಿ ಕಡಲಿಲ್ಲದ ಕಡೆಯೂ ಊರಿನ ಹೆಸರು ಸಮುದ್ರವೆಂದು ಮುಗಿಯುವುದುಂಟು. ಕೆರೆಯನ್ನೇ ಹಿರಿಯರು ಅಭಿಮಾನದಿಂದ ಸಮುದ್ರ ಎಂದು ಕರೆದರು. ನಮ್ಮದು ರಾಮಸಮುದ್ರವಾದರೆ, ಕೋಲಾರ ಜಿಲ್ಲೆಯಲ್ಲಿ ದೇವರಾಯಸಮುದ್ರ ಎಂಬ ಊರಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಅಲ್ಲಿ ಹುಟ್ಟಿದವರು ಕೋಲಾರ ವೆಂಕಟೇಶ ಅಯ್ಯರ್. ಕನ್ನಡ ಓದುಗರಿಗೆ ಅವರು ಶಾಂತಲಾ ಮತ್ತು ರೂಪದರ್ಶಿ ಕಾದಂಬರಿಗಳ ಲೇಖಕ ಕೆ.ವಿ. ಅಯ್ಯರ್. ಆದರೆ ಅವರ ಅನ್ನದ ಕಸುಬು ಬರವಣಿಗೆಯಲ್ಲ, ವ್ಯಾಯಾಮ ಕಲಿಸುವುದು. ಬೆಂಗಳೂರಿನಲ್ಲಿ ಜನ ಅವರನ್ನು ಗೌರವದಿಂದ ಪ್ರೊಫೆಸರ್ ಎಂದೇ ಕರೆಯುತ್ತಿದ್ದರು.

ಅವರ ಯೌವನದ ಕಾಲವನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಯುರೋಪಿನಲ್ಲಿ ಸ್ಯಾಂಡೋ ಎಂಬ ಬಲಶಾಲಿಯ ಹೆಸರು ಮನೆಮಾತಾಗಿತ್ತು. ಆತ 1904-05ರಲ್ಲಿ ಭಾರತಕ್ಕೂ ಬಂದು ಊರೂರಿನಲ್ಲಿ ಪ್ರದರ್ಶನ ಕೊಟ್ಟು ಹೋದ. ಆತನ ಹೆಸರಿನಲ್ಲಿ ಡಂಬೆಲ್ಲು, ಸ್ಪ್ರಿಂಗು, ಪುಸ್ತಕ ಎಲ್ಲವೂ ಮಾರಾಟವಾಗುತ್ತಿದ್ದವು. ಭಾರತೀಯರು ದುರ್ಬಲರು, ಆಳಿಸಿಕೊಳ್ಳಲೆಂದೇ ಹುಟ್ಟಿದವರು ಎಂದು ಆಳುವವರು ಹೇಳುತ್ತಿದ್ದ ದಿನಗಳವು. ಆ ಮಾತು ಸುಳ್ಳೆಂದು ತೋರಿಸುವ ಹಟ ಬಹಳ ತರುಣರಲ್ಲಿತ್ತು. ಹೀಗಾಗಿ ಯಾವ ಸಲಕರಣೆ, ಯಾವ ಪದ್ಧತಿ, ಯಾವ ಗುಟ್ಟು ಎಂಬ ಹುಡುಕಾಟವೂ ಜೋರಾಗಿತ್ತು. ನಮ್ಮ ಹುಡುಗನ ಡಬ್ಬಿಗೆ ಹಳೆಯ ಅಣ್ಣ ತಮ್ಮಂದಿರಿದ್ದರು ಎಂದು ತಿಳಿಯಿರಿ.

ಅಯ್ಯರ್ ಆ ಹೊಸ ವಿದ್ಯೆಯನ್ನು ಕಲಿತರು, ಚೆನ್ನಾಗಿಯೇ ಕಲಿತರು. ಬಾರ್‌ಬೆಲ್ ಎತ್ತಿದರು, ಸ್ನಾಯುಗಳನ್ನು ಒಂದೊಂದಾಗಿ ಹಿಡಿತಕ್ಕೆ ತಂದುಕೊಂಡರು. ಗ್ರೀಕ್ ಶಿಲ್ಪಗಳ ಭಂಗಿಯಲ್ಲಿ ತೆಗೆಸಿದ ಅವರ ಚಿತ್ರಗಳು ಇಂಗ್ಲೆಂಡಿನ ವ್ಯಾಯಾಮ ಪತ್ರಿಕೆಗಳಲ್ಲಿ ಅಚ್ಚಾದವು. 1920ರ ದಶಕದಲ್ಲಿ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಸಿಯಂ ಕಟ್ಟಿದರು. 1930ರಲ್ಲಿ ಮಸಲ್ ಕಲ್ಟ್ ಎಂಬ ಇಂಗ್ಲಿಷ್ ಪುಸ್ತಕ ಬರೆದರು. ತಮ್ಮ ದೇಹದ ಬಗ್ಗೆ ಅವರಿಗೆ ಹೆಮ್ಮೆ ಇತ್ತು, ಅದನ್ನು ಮುಚ್ಚಿಡುವ ಸಂಕೋಚವೂ ಇರಲಿಲ್ಲ. ದೇವತೆಗಳೇ ಆಸೆಪಡುವಂಥ ಮೈಕಟ್ಟು ತಮ್ಮದೆಂದು ಬರೆದುಕೊಂಡವರು ಅವರು. ಇದು ನನಗೆ ಹಿಡಿಸದ ಗುಣ. ಆದರೂ ಗುಣದೋಷ ಎರಡನ್ನೂ ಹೇಳದೆ ಒಬ್ಬರ ಬದುಕು ಹೇಳಿದರೆ ಅದು ಸನ್ಮಾನಪತ್ರವಾದೀತು.

ಇಲ್ಲಿ ಗಮನಿಸಬೇಕಾದ ಅಂಶ ಬೇರೆ ಇದೆ. ಹೊಸ ವಿದ್ಯೆ ಕೈಗೆ ಬಂದಾಗ ಅವರು ಹಳೆಯದನ್ನು ಹೊರಗೆಸೆಯಲಿಲ್ಲ. ಕಬ್ಬಿಣದ ಭಾರ, ಬರಿಗೈಯ ವ್ಯಾಯಾಮ, ಹಠಯೋಗದ ಆಸನ ಮೂರನ್ನೂ ಒಂದೇ ಅಂಗಳದಲ್ಲಿ ಕಲಿಸಿದರು. ಯೋಗಾಚಾರ್ಯ ಎಸ್. ಸುಂದರಂ ಅವರ ಒಡನಾಡಿ. ಇಬ್ಬರೂ ಜೊತೆಯಾಗಿ ಪ್ರವಾಸ ಹೋಗಿ, ಒಬ್ಬರು ಬಲಪ್ರದರ್ಶನ, ಇನ್ನೊಬ್ಬರು ಆಸನ ತೋರಿಸಿ ಉಪನ್ಯಾಸ ಕೊಡುತ್ತಿದ್ದರು. 1937ರಲ್ಲಿ ಅಯ್ಯರ್ ಸೂರ್ಯನಮಸ್ಕಾರದ ಬಗ್ಗೆ ಪುಸ್ತಕ ಬರೆದಾಗ ಅದನ್ನು ಮೈಯ ವ್ಯಾಯಾಮವಾಗಿ ವಿವರಿಸಿದರು. ಅದರೊಳಗೆ ಬರುವ ದಂಡವನ್ನು ನಮ್ಮ ಕಡೆಯ ಪೈಲ್ವಾನರು ತಾಲೀಮಿನ ಕೆಂಪು ಮಣ್ಣಿನ ಮೇಲೆ ತಲೆತಲಾಂತರದಿಂದ ಹೊಡೆಯುತ್ತಲೇ ಬಂದಿದ್ದಾರೆ. ಹೆಸರು ಬೇರೆ, ದುಡಿಯುವ ಭುಜ ಒಂದೇ.

ತಾಲೀಮು ಎಂದಾಗ ಒಂದು ಮಾತು ನೆನಪಾಯಿತು. ಕನ್ನಡದಲ್ಲಿ ತಾಲೀಮು ಎಂದರೆ ಕುಸ್ತಿಯ ಅಭ್ಯಾಸ, ನಮ್ಮ ಭಾಗದಲ್ಲಿ ಗರಡಿಮನೆಗೂ ಅದೇ ಹೆಸರು. ಉರ್ದುವಿನಲ್ಲಿ ತಾಲೀಮ್ ಎಂದರೆ ಶಿಕ್ಷಣ. ಅರಬ್ಬಿಯಿಂದ ಬಂದ ಒಂದೇ ಶಬ್ದ. ನಮ್ಮಂಥ ಶಿಕ್ಷಣ ಸಂಸ್ಥೆಯ ಸಂಚಿಕೆಯಲ್ಲಿ ಪೈಲ್ವಾನರ ಮಾತೇಕೆ ಎನ್ನುವವರಿಗೆ ಇಷ್ಟು ಸಾಕು.

ಅಯ್ಯರ್ ಅವರ ಪದ್ಧತಿಯ ಹುರುಳು ಏನೆಂದು ನೋಡೋಣ. ಬರೀ ತೋಳು ಉಬ್ಬಿಸಿಕೊಳ್ಳುವುದನ್ನು ಅವರು ವ್ಯಾಯಾಮ ಎಂದುಕೊಳ್ಳಲಿಲ್ಲ. ಕುತ್ತಿಗೆ, ತೋಳು, ಎದೆ, ಮೀನಖಂಡ ಒಂದಕ್ಕೊಂದು ಹೊಂದಿಕೊಂಡಿರಬೇಕು, ಹೊರಗಿನ ಸ್ನಾಯುವಿನಷ್ಟೇ ಒಳಗಿನ ಅಂಗಗಳೂ ಚೆನ್ನಾಗಿರಬೇಕು ಎಂಬುದು ಅವರ ನಿಲುವು. ತೋಳು ಕಟ್ಟಿ ಕಾಲನ್ನು ಮರೆತ ಹುಡುಗರು ಇಂದೂ ಎಷ್ಟು ಜನ! ಮದುವೆ ಮಂಟಪದ ಕಂಬಕ್ಕೆ ಬಣ್ಣ ಹಚ್ಚಿ ಗುಂಡಿ ತೋಡದೆ ಬಿಟ್ಟಂತೆ.

ಇನ್ನೊಂದು ಸಂಗತಿ ನನಗೆ ಬಹಳ ಮಹತ್ವದ್ದೆನಿಸುತ್ತದೆ. ಅವರು ಅಂಚೆಯ ಮೂಲಕವೂ ವ್ಯಾಯಾಮ ಕಲಿಸುತ್ತಿದ್ದರು. ಅದು ಟೆಲಿಫೋನ್ ಸಹ ಅಪರೂಪವಾಗಿದ್ದ ಕಾಲ. ದೂರದ ಶಿಷ್ಯ ಹೇಗೆ ನಿಲ್ಲುತ್ತಾನೆ, ಹೇಗೆ ಬಗ್ಗುತ್ತಾನೆ ಎಂದು ಗುರು ಕಣ್ಣಾರೆ ಕಾಣುವಂತಿಲ್ಲ. ಅವನ ಊರಿನಲ್ಲಿ ಯಂತ್ರವಿಲ್ಲ. ಅಂಥವನಿಗೆ ಕಾಗದದಲ್ಲಿ ಏನು ಬರೆಯಬಹುದು, ನೀವೇ ಯೋಚಿಸಿ. ಹತ್ತು ನಿಮಿಷ ಮೊದಲೋ ಇಪ್ಪತ್ತು ನಿಮಿಷ ಮೊದಲೋ ಎಂಬ ಸೂಕ್ಷ್ಮಗಳಿಂದ ಅವನಿಗೇನೂ ಆಗದು. ಯಾವ ಊರಿನ, ಯಾವ ಮೈಕಟ್ಟಿನ, ಯಾವ ಅಂತಸ್ತಿನ ಹುಡುಗನಿಗೂ ಕೆಲಸ ಕೊಡುವ ಕೆಲವೇ ಮಾತುಗಳು ಮಾತ್ರ ಅಂಚೆಯ ದಾರಿ ಸವೆಸಿ ಉಳಿಯುತ್ತವೆ.

ಆ ಕೆಲವೇ ಮಾತುಗಳು ಯಾವುವೆಂದು ಇಂದಿನ ವೈದ್ಯವಿಜ್ಞಾನವನ್ನು ಕೇಳಿದರೂ ಉತ್ತರ ಹೆಚ್ಚು ಬದಲಾಗಿಲ್ಲ. ಮೈಗೆ ಅಭ್ಯಾಸವಾದದ್ದಕ್ಕಿಂತ ತುಸು ಹೆಚ್ಚು ಕೆಲಸ ಕೊಡಬೇಕು, ಅದನ್ನು ನಿಧಾನವಾಗಿ ಏರಿಸುತ್ತ ಹೋಗಬೇಕು. ನಮ್ಮ ಕಡೆ ಗುಂಡುಕಲ್ಲು ಎತ್ತುವವರನ್ನು ನೋಡಿದ್ದೀರಲ್ಲ, ಯಾರೂ ಮೊದಲ ದಿನವೇ ದೊಡ್ಡ ಗುಂಡಿಗೆ ಕೈ ಹಾಕುವುದಿಲ್ಲ. ಸಣ್ಣದು ಮೊಣಕಾಲಿಗೆ, ಆಮೇಲೆ ಎದೆಗೆ, ಆಮೇಲೆ ಹೆಗಲಿಗೆ ಬಂದ ಮೇಲೆಯೇ ಮುಂದಿನ ಕಲ್ಲು. ಹಾಗೆ ದಣಿದ ಸ್ನಾಯು ಬೆಳೆಯುವುದು ವ್ಯಾಯಾಮದ ಹೊತ್ತಿನಲ್ಲಲ್ಲ, ವಿಶ್ರಾಂತಿಯ ಹೊತ್ತಿನಲ್ಲಿ. ಆದ್ದರಿಂದ ನಿದ್ದೆ ಕೆಡಿಸಿಕೊಂಡು ಭಾರ ಎತ್ತುವವನು ಒಂದು ಕೈಯಿಂದ ಕಟ್ಟಿ ಇನ್ನೊಂದು ಕೈಯಿಂದ ಕೆಡವುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಕೊಟ್ಟ ಸಲಹೆ ಇಷ್ಟೇ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ, ಕನಿಷ್ಠ 2 ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಬಿರುಸಿನ ನಡಿಗೆ ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ 5 ದಿನವಾದರೆ 150 ನಿಮಿಷ ಮುಗಿಯಿತು. ವಿದ್ಯಾರ್ಥಿನಿಯರೇ, ಇದು ನಿಮಗೂ ಅಷ್ಟೇ ಅನ್ವಯಿಸುತ್ತದೆ. ಬೈಠಕ್ ಹೊಡೆಯಲು ಮನೆಯ ಒಂದು ಮೂಲೆ ಸಾಕು, ಫೀಸು ಕಟ್ಟಬೇಕಾಗಿಲ್ಲ.

ಆಹಾರದ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಡಬ್ಬಿ ಮಾರುವವರು ಭಯ ಹುಟ್ಟಿಸುವುದು ಇಲ್ಲಿಯೇ. 60 ಕಿಲೋ ತೂಕದವನಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. ಜೋರಾಗಿ ಕಸರತ್ತು ಮಾಡುವವನಿಗೆ ಅದಕ್ಕಿಂತ ಹೆಚ್ಚು, 90 ಗ್ರಾಂ ಆಸುಪಾಸಿನವರೆಗೂ ಉಪಯೋಗವಾಗಬಹುದು. ನಮ್ಮ ಹೊಲದ ತೊಗರಿಬೇಳೆ 100 ಗ್ರಾಮಿನಲ್ಲಿ 20 ಗ್ರಾಂ ಮೀರಿ ಪ್ರೋಟೀನ್ ಇದೆ. ಎರಡು ತತ್ತಿಗೆ 12, ಅರ್ಧ ಲೀಟರ್ ಹಾಲಿಗೆ 16, ಒಂದು ಹಿಡಿ ಶೇಂಗಾಕ್ಕೆ 7. ಜೋಳದ ರೊಟ್ಟಿಯೂ ತನ್ನ ಪಾಲು ಕೊಡುತ್ತದೆ. ಪುಡಿ ವಿಷವೇನಲ್ಲ, ಸಾಮಾನ್ಯವಾಗಿ ಅದು ಹಾಲಿನಿಂದಲೇ ತೆಗೆದದ್ದು. ಆದರೆ ಮನೆಯ ಊಟ ಬಿಟ್ಟು ಪುಡಿ ಹಿಡಿಯುವುದು ಬಾವಿಯ ನೀರು ಬಿಟ್ಟು ಬಾಟಲಿ ಹುಡುಕಿದಂತೆ. ಕೆಲವರು ಪುಡಿಯಿಂದ ಇಂಜೆಕ್ಷನ್ನಿಗೆ ಹೋಗುತ್ತಾರೆ. ಸ್ಟೀರಾಯ್ಡ್‌ಗಳು ಹೃದಯವನ್ನೂ ಯಕೃತ್ತನ್ನೂ ಕೆಡಿಸಬಲ್ಲವು. ಆ ಬಾಗಿಲ ಕಡೆ ತಲೆ ಹಾಕಬೇಡಿ.

ಅಯ್ಯರ್ ಅವರ ಕಾಲದಲ್ಲೇ ಉತ್ತರದಲ್ಲಿ ಗಾಮಾ ಪೈಲ್ವಾನ್ ಇದ್ದರು. ಪಂಜಾಬಿನ ಗುಲಾಮ್ ಮುಹಮ್ಮದ್, 1878ರಲ್ಲಿ ಹುಟ್ಟಿ 1960ರಲ್ಲಿ ಲಾಹೋರಿನಲ್ಲಿ ತೀರಿಕೊಂಡವರು. ಅವರ ಬಲದ ಬಗ್ಗೆ ದಂತಕಥೆಗಳು ಬಹಳ, ಎಲ್ಲವನ್ನೂ ನಂಬಬೇಕಾಗಿಲ್ಲ. ನಂಬಬೇಕಾದ್ದು ಇದು: 1910ರಲ್ಲಿ ಲಂಡನ್ನಿನಲ್ಲಿ ಪೋಲೆಂಡಿನ ಜಿಬಿಸ್ಕೊ ಜೊತೆ ಎರಡೂವರೆ ಗಂಟೆ ಮೀರಿ ಸೆಣಸಿದರೂ ಕುಸ್ತಿ ಸಮವಾಯಿತು. ಎರಡನೆಯ ಬಾರಿಗೆ ಗೊತ್ತುಮಾಡಿದ ದಿನ ಜಿಬಿಸ್ಕೊ ಅಖಾಡಕ್ಕೆ ಬರಲೇ ಇಲ್ಲ. 1928ರಲ್ಲಿ ಪಟಿಯಾಲಾದಲ್ಲಿ ಅದೇ ಜೋಡಿ ಮತ್ತೆ ಎದುರಾದಾಗ ಐವತ್ತರ ಹತ್ತಿರ ಬಂದಿದ್ದ ಗಾಮಾ ಒಂದು ನಿಮಿಷದೊಳಗೆ ಕೆಡವಿದರು. ನಡುವಿನ ಹದಿನೆಂಟು ವರ್ಷ ಅವರ ಮೈಯನ್ನು ಕಾಯ್ದದ್ದು ದಂಡ, ಬೈಠಕ್, ಮಣ್ಣಿನ ಕುಸ್ತಿ. ಅಯ್ಯರ್ ಬೆಂಗಳೂರಿನ ಓದಿದವರ ನಡುವಿನ ಶಿಕ್ಷಕ, ಗಾಮಾ ಅಖಾಡದ ಮನುಷ್ಯ, ಇಬ್ಬರ ದಾರಿಗಳು ಬೇರೆ. ಆದರೆ ಇಬ್ಬರ ದಿನಚರಿಯಲ್ಲೂ ಬುಡ ಒಂದೇ ಇತ್ತು.

ಮೈಸೂರು ಅರಮನೆಯ ಪ್ರೋತ್ಸಾಹ ಅಯ್ಯರ್ ಅವರಿಗೆ ದೊರೆಯಿತು. ಅವರ ಶಿಷ್ಯರೊಬ್ಬರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ವ್ಯಾಯಾಮ ಕಲಿಸಿದರು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಯ್ಯರ್ ಅವರ ವ್ಯಾಯಾಮಶಾಲೆ ಹೆಸರಾಯಿತು. ಅದು ಬರೀ ಬೆವರಿನ ಜಾಗವಾಗಿರಲಿಲ್ಲ ಎಂಬುದು ನನಗೆ ಅತ್ಯಂತ ಪ್ರಿಯವಾದ ಸಂಗತಿ. ನಾಟಕಕಾರ ಟಿ.ಪಿ. ಕೈಲಾಸಂ ಅವರಿಗೆ ಅಯ್ಯರ್ ಆಪ್ತರು. ಅಯ್ಯರ್ ರವಿ ಕಲಾವಿದರು ಎಂಬ ತಂಡದ ಮೂಲಕ ನಾಟಕವಾಡಿಸಿದರು. ಕೈಲಾಸಂ 1946ರಲ್ಲಿ ತೀರಿಕೊಂಡ ಮೇಲೆ ಅವರ ನೆನಪುಗಳನ್ನು ಪುಸ್ತಕವಾಗಿ ಬರೆದರು. ಪೈಲ್ವಾನನಿಗೆ ಪುಸ್ತಕ ಬೇಡ, ಓದುವವನಿಗೆ ಪೈಲ್ವಾನಿಕೆ ಬೇಡ ಎಂದು ನಮ್ಮ ಮನೆಗಳಲ್ಲಿ ಇಂದಿಗೂ ಹೇಳುವುದುಂಟು. ಪರೀಕ್ಷೆ ಹತ್ತಿರ ಬಂತೆಂದು ಮಕ್ಕಳ ಆಟ ನಿಲ್ಲಿಸುವ ತಂದೆತಾಯಂದಿರೂ ಈ ಲೇಖನ ಓದಲಿ.

ರೂಪದರ್ಶಿ ಕಾದಂಬರಿಯ ಕಥೆ ಇಟಲಿಯ ಒಬ್ಬ ಮಹಾಚಿತ್ರಕಾರನ ಸುತ್ತ ನಡೆಯುತ್ತದೆ. ಬಾಲ ಏಸುವಿನ ಚಿತ್ರಕ್ಕಾಗಿ ಆತ ಒಬ್ಬ ಮುಗ್ಧ ಹುಡುಗನ ಮುಖವನ್ನು ಆರಿಸುತ್ತಾನೆ. ಬಹಳ ವರ್ಷಗಳ ಮೇಲೆ, ಏಸುವಿಗೆ ದ್ರೋಹ ಬಗೆದವನ ಚಿತ್ರಕ್ಕೆ ಒಂದು ಕ್ರೂರ ಮುಖ ಬೇಕಾಗಿ ಹುಡುಕಿದಾಗ ಸಿಗುವವನು ಅದೇ ಹುಡುಗ. ವ್ಯಾಯಾಮಶಾಲೆಯಲ್ಲಿ ಸಾವಿರ ಹುಡುಗರ ಮೈಯನ್ನು ನೋಡಿದವರ ಲೇಖನಿಯಿಂದ ಈ ಕಥೆ ಬಂದದ್ದು ನನಗೆ ಆಶ್ಚರ್ಯವೆನಿಸುವುದಿಲ್ಲ. ಹುಟ್ಟಿನಿಂದ ಬಂದದ್ದು ಎಷ್ಟು, ದಿನದಿನದ ನಡತೆ ಬರೆದದ್ದು ಎಷ್ಟು ಎಂದು ಅವರಿಗೆ ಗೊತ್ತಿತ್ತು.

ಅಯ್ಯರ್ 1980ರಲ್ಲಿ ತೀರಿಕೊಂಡರು. ಆಗ ಅವರಿಗೆ ಎಂಬತ್ತು ದಾಟಿತ್ತು.

ಆ ಹುಡುಗ ಕಥೆಯನ್ನೆಲ್ಲ ಕೇಳಿ, ಡಬ್ಬಿಯನ್ನು ಮತ್ತೆ ಎತ್ತಿಕೊಂಡು ಹೋದ. ದುಡ್ಡು ಕೊಟ್ಟಾಗಿದೆ, ಮುಗಿಸುತ್ತೇನೆ ಎಂದ. ಮುಗಿಸಲಿ. ಹೋಗುವಾಗ ನನ್ನ ಕಪಾಟಿನಿಂದ ರೂಪದರ್ಶಿಯನ್ನೂ ಒಯ್ದಿದ್ದಾನೆ, ಇನ್ನೂ ತಿರುಗಿ ಕೊಟ್ಟಿಲ್ಲ. ನಿಮಗೆ ಬೇಕಿದ್ದರೆ ಗ್ರಂಥಾಲಯದಲ್ಲಿ ಕೇಳಿ.