ಅಲೆಕ್ಸಾಂಡರ್ ಮತ್ತು ಅವನ ಬಂಟ ಕ್ಲೈಟಸ್



ಅಲೆಕ್ಸಾಂಡರ್ ಎಂದ ಕೂಡಲೇ ನಮಗೆಲ್ಲ ನೆನಪಾಗುವುದು ಪೋರಸ್ ಜೊತೆಗಿನ ಯುದ್ಧ. ಜೇಲಂ ನದಿ, ಆನೆಗಳು, ಸೋತ ಪೋರಸನಿಗೆ ರಾಜ್ಯ ವಾಪಸ್ ಕೊಟ್ಟದ್ದು, ಅಲ್ಲಿಗೆ ಪಾಠ ಮುಗೀತು. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ಯುದ್ಧಕ್ಕೆ ಎರಡು ವರ್ಷ ಮೊದಲು ಇದೇ ಅಲೆಕ್ಸಾಂಡರ್ ತನ್ನ ಪ್ರಾಣ ಉಳಿಸಿದ ಬಂಟನನ್ನು ಕೈಯಾರೆ ಕೊಂದಿದ್ದ. ಆ ಬಂಟನ ಹೆಸರು ಕ್ಲೈಟಸ್. ನಾನು ಈ ಸಲ ಬರೆಯುತ್ತಿರುವುದು ಅಲೆಕ್ಸಾಂಡರನ ಜೀವನವನ್ನೇ, ಆದರೆ ಕ್ಲೈಟಸನ ಪಕ್ಕದಲ್ಲಿ ನಿಂತು ನೋಡಿದ ಹಾಗೆ.

ಅಲೆಕ್ಸಾಂಡರ್ ಹುಟ್ಟಿದ್ದು ಕ್ರಿ.ಪೂ. 356ರಲ್ಲಿ, ಗ್ರೀಸ್ ದೇಶದ ಉತ್ತರಕ್ಕಿದ್ದ ಮ್ಯಾಸಿಡೋನಿಯಾ ರಾಜ್ಯದ ಪೆಲ್ಲಾ ಪಟ್ಟಣದಲ್ಲಿ. ತಂದೆ ರಾಜ ಫಿಲಿಪ್, ತಾಯಿ ಒಲಿಂಪಿಯಾಸ್. ಹದಿಮೂರನೇ ವಯಸ್ಸಿಗೆ ಅರಿಸ್ಟಾಟಲನಂಥ ಗುರು ಸಿಕ್ಕಿದ. ಯಾರ ಕೈಗೂ ಸಿಗದ ಬ್ಯುಸೆಫಾಲಸ್ ಎಂಬ ಕುದುರೆಯನ್ನು ಹುಡುಗನಾಗಿದ್ದಾಗಲೇ ಪಳಗಿಸಿದ ಕಥೆ ನೀವೆಲ್ಲ ಕೇಳಿರಬಹುದು, ಅದನ್ನು ಮತ್ತೆ ಬರೆಯುವುದಿಲ್ಲ.

ತಂದೆ ಫಿಲಿಪನ ವಿಷಯ ಮಾತ್ರ ಸ್ವಲ್ಪ ಹೇಳಲೇಬೇಕು, ಮುಂದೆ ಬೇಕಾಗುತ್ತದೆ. ಸುತ್ತಲಿನವರ ಹೊಡೆತ ತಿನ್ನುತ್ತಿದ್ದ ಮ್ಯಾಸಿಡೋನಿಯಾವನ್ನು ಇಡೀ ಗ್ರೀಸೇ ಹೆದರುವ ರಾಜ್ಯ ಮಾಡಿದವನು ಅವನು. ಸುಮಾರು 18 ಅಡಿ ಉದ್ದದ ಈಟಿ ಹಿಡಿದು ಸಾಲುಗಟ್ಟಿ ನಡೆಯುವ ಕಾಲಾಳುಗಳನ್ನು ತಯಾರು ಮಾಡಿದ. ಕುದುರೆ ದಳಕ್ಕೆ ರಾಜನ ಸಂಗಾತಿಗಳು ಅಂತ ಹೆಸರು. ಹೆಸರಿಗೆ ತಕ್ಕಂತೆ ಅವರು ರಾಜನ ಜೊತೆ ಕೂತು ಉಣ್ಣುವವರು, ಕುಡಿಯುವವರು, ಎದುರಿಗೇ ಮಾತಾಡುವವರು. ಕ್ರಿ.ಪೂ. 336ರಲ್ಲಿ ಫಿಲಿಪನ ಕೊಲೆಯಾಯಿತು. ಇಪ್ಪತ್ತು ವರ್ಷದ ಅಲೆಕ್ಸಾಂಡರ್ ಪಟ್ಟಕ್ಕೆ ಬಂದ. ಸೈನ್ಯ ಅವನು ಕಟ್ಟಿದ್ದಲ್ಲ, ಅಪ್ಪ ಕಟ್ಟಿಟ್ಟು ಹೋದದ್ದು. ಹೊಲ ಹದ ಮಾಡಿದವನು ಒಬ್ಬ, ಬೆಳೆ ಕೊಯ್ದವನು ಇನ್ನೊಬ್ಬ ಅನ್ನಿ. ಹಾಗಂತ ಕೊಯ್ದವನ ಶ್ರಮ ಸಣ್ಣದೇನಲ್ಲ.

ಕ್ಲೈಟಸ್ ಅಪ್ಪನ ಕಾಲದ ಆಳು. ಅವನ ತಂದೆಯ ಹೆಸರು ಡ್ರೋಪಿಡಾಸ್. ಸೈನ್ಯದಲ್ಲಿ ಇನ್ನೊಬ್ಬ ಕ್ಲೈಟಸ್ ಇದ್ದುದರಿಂದ ಇವನಿಗೆ ಕರಿಯ ಕ್ಲೈಟಸ್, ಅವನಿಗೆ ಬಿಳಿಯ ಕ್ಲೈಟಸ್ ಎಂದು ಕರೆಯುತ್ತಿದ್ದರು. ನಮ್ಮ ತರಗತಿಯಲ್ಲೂ ಒಂದೇ ಹೆಸರಿನವರು ಇಬ್ಬರಿದ್ದರೆ ಹೀಗೇ ತಾನೇ! ಕ್ಲೈಟಸನ ಒಡಹುಟ್ಟಿದವಳು ಲಾನಿಕೆ. ಅಲೆಕ್ಸಾಂಡರ್ ಕೂಸಾಗಿದ್ದಾಗ ಎತ್ತಿ ಆಡಿಸಿ ಬೆಳೆಸಿದ ದಾದಿ ಇವಳೇ. ಸಾಕಿದ ತಾಯಿಯ ಸೋದರ ಅಂದರೆ ನಮ್ಮ ಲೆಕ್ಕದಲ್ಲಿ ಸೋದರಮಾವನೇ ಆದ. ಲಾನಿಕೆಯ ಮಕ್ಕಳೂ ಮುಂದೆ ಅಲೆಕ್ಸಾಂಡರನಿಗಾಗಿ ಹೋರಾಡಿ ಯುದ್ಧದಲ್ಲಿ ಸತ್ತರು. ಒಟ್ಟಿನಲ್ಲಿ ಆ ಮನೆಯ ಋಣ ರಾಜನ ಮೇಲೆ ಮೊದಲಿಂದಲೂ ಇತ್ತು.

ಕ್ರಿ.ಪೂ. 334. ಪರ್ಷಿಯಾ ಸಾಮ್ರಾಜ್ಯವನ್ನು ಗೆಲ್ಲಬೇಕೆಂದು ಅಲೆಕ್ಸಾಂಡರ್ ಸಮುದ್ರ ದಾಟಿ ಏಷ್ಯಾಕ್ಕೆ ಬಂದ. ಮೊದಲ ದೊಡ್ಡ ಕಾಳಗ ಗ್ರಾನಿಕಸ್ ನದಿಯ ಹತ್ತಿರ ನಡೆಯಿತು. ಈಗ ಅದು ಟರ್ಕಿ ದೇಶದಲ್ಲಿದೆ. ಶತ್ರುಗಳು ಎದುರು ದಂಡೆಯ ಮೇಲೆ ನಿಂತಿದ್ದರೂ ಅಲೆಕ್ಸಾಂಡರ್ ಕುದುರೆಯನ್ನು ನದಿಗೆ ಇಳಿಸಿಯೇಬಿಟ್ಟ. ಶಿರಸ್ತ್ರಾಣದ ಮೇಲೆ ಬಿಳಿ ಗರಿಗಳು. ದೂರದಿಂದ ನೋಡಿದವನಿಗೂ ರಾಜ ಯಾರು ಅಂತ ಗೊತ್ತಾಗುವ ಹಾಗೆ. ಶತ್ರು ಸರದಾರರು ನೇರ ಅವನ ಮೇಲೇ ಬಿದ್ದರು. ರೋಸಾಸಿಸ್ ಎಂಬುವನು ತಲೆಗೆ ಹೊಡೆದ, ಶಿರಸ್ತ್ರಾಣದ ಒಂದು ಚೂರು ಹಾರಿಹೋಯಿತು. ಅಲೆಕ್ಸಾಂಡರ್ ಅವನನ್ನು ಕೆಡವುವಷ್ಟರಲ್ಲಿ ಸ್ಪಿತ್ರಿಡಾಟಿಸ್ ಎಂಬ ಇನ್ನೊಬ್ಬ ಸರದಾರ ಹಿಂದಿನಿಂದ ಕತ್ತಿ ಎತ್ತಿದ್ದ. ಆ ಕತ್ತಿ ಇಳಿದಿದ್ದರೆ ಇವತ್ತು ನಾವು ಅಲೆಕ್ಸಾಂಡರನ ಹೆಸರೇ ಕೇಳುತ್ತಿರಲಿಲ್ಲವೇನೋ. ಇಳಿಯಲಿಲ್ಲ. ಕ್ಲೈಟಸ್ ನುಗ್ಗಿ ಬಂದು ಆ ತೋಳನ್ನು ಹೆಗಲ ಹತ್ತಿರವೇ ಕತ್ತರಿಸಿ ಹಾಕಿದ. ಅಲೆಕ್ಸಾಂಡರನಿಗೆ ಆಗ ಇಪ್ಪತ್ತೆರಡು ತುಂಬಿರಲಿಲ್ಲ.

ಈ ಜೋಡಿ ಹೇಗೆ ಕೆಲಸ ಮಾಡುತ್ತಿತ್ತು ಎಂಬುದು ಆ ಒಂದು ಗಳಿಗೆಯಲ್ಲೇ ಕಾಣುತ್ತದೆ. ಅಲೆಕ್ಸಾಂಡರ್ ಹಿಂದೆ ತಿರುಗಿ ನೋಡದೆ ಮುಂದಕ್ಕೆ ನುಗ್ಗುವವನು. ನಾಯಕನೇ ಮೊದಲು ನೀರಿಗಿಳಿದರೆ ಸೈನಿಕ ದಂಡೆಯಲ್ಲಿ ನಿಲ್ಲುವುದು ಹೇಗೆ? ಅದೇ ಅವನ ಬಲ. ಆದರೆ ಅಂಥವನ ಬೆನ್ನನ್ನು ಯಾರಾದರೂ ನೋಡಿಕೊಳ್ಳಲೇಬೇಕು. ಕ್ಲೈಟಸ್ ರಾಜನ ಸ್ವಂತ ಕುದುರೆ ತುಕಡಿಯ ದಳಪತಿ. ಗುರಿ ಹುಡುಕುವುದು ರಾಜನ ಕೆಲಸ, ರಾಜನನ್ನು ಗುರಿಯವರೆಗೆ ಜೀವಂತ ಮುಟ್ಟಿಸುವುದು ಇವನ ಕೆಲಸ. ಕ್ರಿ.ಪೂ. 331ರ ಗೌಗಮೇಲ ಯುದ್ಧದಲ್ಲಿ ಡೇರಿಯಸ್ ಚಕ್ರವರ್ತಿಯನ್ನು ಓಡಿಸಿದಾಗಲೂ ಆ ತುಕಡಿ ಕ್ಲೈಟಸನ ಕೈಯಲ್ಲೇ ಇತ್ತು.

ಆದರೆ ನನಗೆ ಒಂದು ಅನುಮಾನ ಬರುತ್ತದೆ. ಅಲೆಕ್ಸಾಂಡರ್ ಧಾರಾಳಿ. ಚಿನ್ನ, ಊರು, ಅಧಿಕಾರ, ಯಾರಿಗೆ ಏನು ಕೊಡಬೇಕಾದರೂ ಹಿಂದೆಮುಂದೆ ನೋಡಿದವನಲ್ಲ. ಅಂಥವನಿಗೆ ತೀರಿಸಲಾಗದ ಸಾಲ ಅಂತ ಇದ್ದದ್ದು ಇದೊಂದೇ. ಕ್ಲೈಟಸನನ್ನು ಕಂಡಾಗಲೆಲ್ಲ ಆ ಎತ್ತಿದ ಕತ್ತಿ ನೆನಪಿಗೆ ಬರುತ್ತಿರಲಿಲ್ಲವೇ? ಸಾಲ ಕೊಟ್ಟವನು ಸುಮ್ಮನಿದ್ದರೂ ಸಾಲಗಾರನಿಗೆ ಅವನ ಎದುರು ಬರಲು ಇರಿಸುಮುರಿಸು. ಕ್ಲೈಟಸ್ ಸುಮ್ಮನಿರುವ ಜಾತಿಯವನೂ ಅಲ್ಲ.

ಮುಂದಿನ ವರ್ಷಗಳಲ್ಲಿ ಅಲೆಕ್ಸಾಂಡರ್ ಬದಲಾಗುತ್ತಾ ಹೋದ. ಈಜಿಪ್ಟಿನ ಮರಳುಗಾಡಿನ ಸೀವಾ ಎಂಬಲ್ಲಿನ ದೇವಸ್ಥಾನಕ್ಕೆ ಹೋಗಿ ಬಂದ ಮೇಲೆ ತಾನು ಅಮ್ಮೋನ್ ದೇವರ ಮಗ ಎಂಬ ಮಾತು ಅವನಿಗೆ ಹಿತವಾಗತೊಡಗಿತು. ಕ್ರಿ.ಪೂ. 330ರಲ್ಲಿ ಡೇರಿಯಸನನ್ನು ಅವನ ಸ್ವಂತ ಸರದಾರ ಬೆಸ್ಸಸನ ಕಡೆಯವರೇ ಸೆರೆ ಹಿಡಿದು ಕೊಂದರು. ಪರ್ಷಿಯಾದ ಸಿಂಹಾಸನ ಅಲೆಕ್ಸಾಂಡರನದಾಯಿತು. ಅವನು ಪರ್ಷಿಯಾದ ಉಡುಪು ಉಡತೊಡಗಿದ, ಅಲ್ಲಿನವರನ್ನು ಹತ್ತಿರ ಸೇರಿಸಿಕೊಂಡ. ಇದರಲ್ಲಿ ತಪ್ಪೇನು ಅಂತ ನೀವು ಕೇಳಬಹುದು. ನನಗೂ ಇದು ತಪ್ಪಾಗಿ ಕಾಣುವುದಿಲ್ಲ. ಅಷ್ಟು ದೊಡ್ಡ ದೇಶವನ್ನು ಆಳಬೇಕಾದರೆ ಅಲ್ಲಿನ ಜನ ಇವನನ್ನು ತಮ್ಮ ರಾಜ ಅಂತ ಒಪ್ಪಬೇಕು. ಆದರೆ ಹಳೆ ಸಂಗಾತಿಗಳಿಗೆ ಇದು ಹೇಗೆ ಕಂಡಿರಬೇಕು? ನಿನ್ನೆಯವರೆಗೆ ಒಟ್ಟಿಗೆ ಉಂಡವನು ಇವತ್ತು ಬೇರೆ ವೇಷದಲ್ಲಿ ಎತ್ತರದಲ್ಲಿ ಕೂತಿದ್ದಾನೆ.

ಅದೇ ವರ್ಷ ಇನ್ನೊಂದು ಕೆಟ್ಟ ಘಟನೆ ನಡೆಯಿತು. ಸಂಗಾತಿ ಕುದುರೆ ದಳದ ಮುಖ್ಯಸ್ಥ ಫಿಲೋಟಾಸನಿಗೆ ರಾಜನನ್ನು ಕೊಲ್ಲುವ ಸಂಚು ಗೊತ್ತಿದ್ದೂ ಹೇಳಲಿಲ್ಲ ಎಂಬ ಆರೋಪದ ಮೇಲೆ ಮರಣದಂಡನೆ ಆಯಿತು. ಅವನ ತಂದೆ, ಮುದಿ ಸೇನಾನಿ ಪರ್ಮೇನಿಯೋನನನ್ನೂ ಆಳು ಕಳಿಸಿ ಕೊಲ್ಲಿಸಿದರು. ಆಮೇಲೆ ಅಲೆಕ್ಸಾಂಡರ್ ಆ ದಳವನ್ನು ಒಬ್ಬನ ಕೈಗೆ ಕೊಡಲಿಲ್ಲ. ಎರಡು ಪಾಲು ಮಾಡಿದ. ಒಂದು ಪಾಲು ಪ್ರಾಣಸ್ನೇಹಿತ ಹೆಫಾಸ್ಟಿಯನ್‌ಗೆ, ಇನ್ನೊಂದು ಕ್ಲೈಟಸ್‌ಗೆ. ನಂಬಿಕೆ ಇತ್ತು, ಆದ್ದರಿಂದಲೇ ಕೊಟ್ಟ. ಪೂರ್ತಿ ನಂಬಿಕೆ ಯಾರ ಮೇಲೂ ಉಳಿದಿರಲಿಲ್ಲ, ಆದ್ದರಿಂದಲೇ ಅರ್ಧ ಕೊಟ್ಟ.

ಈಗ ಆ ರಾತ್ರಿಗೆ ಬರೋಣ. ಕ್ರಿ.ಪೂ. 328, ಊರು ಮರಕಂಡ. ಈಗಿನ ಉಜ್ಬೆಕಿಸ್ತಾನದ ಸಮರಕಂದ್. ಇದನ್ನು ಬರೆದಿಟ್ಟ ಪ್ಲುಟಾರ್ಕ್ ಮತ್ತು ಅರಿಯನ್ ಇಬ್ಬರೂ ನಾಲ್ಕು ನೂರು ವರ್ಷಗಳಿಗೂ ಹೆಚ್ಚು ಕಾಲದ ನಂತರ ಇದ್ದವರು, ತಮಗಿಂತ ಹಳಬರ ಬರಹ ನೋಡಿ ಬರೆದವರು. ಸಣ್ಣಪುಟ್ಟ ವಿವರಗಳಲ್ಲಿ ಇಬ್ಬರ ನಡುವೆ ವ್ಯತ್ಯಾಸ ಇದೆ. ಆದರೆ ನಡೆದದ್ದೇನು ಎಂಬುದರಲ್ಲಿ ಭೇದ ಇಲ್ಲ.

ಪ್ಲುಟಾರ್ಕ್ ಹೇಳುವ ಪ್ರಕಾರ, ಊಟಕ್ಕೆ ಕರೆ ಬಂದಾಗ ಕ್ಲೈಟಸ್ ದೇವರಿಗೆ ಬಲಿ ಕೊಡುತ್ತಿದ್ದ. ಅರ್ಧಕ್ಕೇ ಬಿಟ್ಟು ಹೊರಟ. ತೀರ್ಥ ಹಾಕಿ ಬಲಿಗೆ ಸಿದ್ಧ ಮಾಡಿದ್ದ ಮೂರು ಕುರಿಗಳು ಅವನ ಹಿಂದೆಯೇ ಬಂದವು. ಶಕುನ ಕೇಳಿದಾಗ ಬಲ್ಲವರು ಇದು ಕೆಟ್ಟದ್ದು ಎಂದರು. ಆಗ ಕ್ಲೈಟಸನಿಗೆ ಕೇಡಾಗದಿರಲಿ ಅಂತ ಪೂಜೆ ಮಾಡಿಸಲು ಹೇಳಿದವನು ಯಾರು ಗೊತ್ತೇ? ಸ್ವತಃ ಅಲೆಕ್ಸಾಂಡರ್!

ಊಟ, ಕುಡಿತ ನಡೆಯಿತು. ಬೇರೆ ಗ್ರೀಕರು ದ್ರಾಕ್ಷಾರಸಕ್ಕೆ ನೀರು ಬೆರೆಸಿ ಕುಡಿಯುತ್ತಿದ್ದರಂತೆ, ಮ್ಯಾಸಿಡೋನಿಯಾದವರಿಗೆ ಆ ತಾಳ್ಮೆ ಕಡಿಮೆ. ಯಾರೋ ಒಂದು ಹಾಡು ಎತ್ತಿಕೊಂಡರು. ಇತ್ತೀಚೆಗೆ ಶತ್ರುಗಳ ಕೈಯಲ್ಲಿ ಸೋತ ಮ್ಯಾಸಿಡೋನಿಯಾದ ದಳಪತಿಗಳನ್ನು ಹಂಗಿಸುವ ಹಾಡು. ರಾಜ ನಗುತ್ತಾ ಇನ್ನೂ ಹಾಡಿ ಎಂದ. ಪರದೇಶದವರ ಎದುರು, ಸತ್ತ ನಮ್ಮವರನ್ನು ಹಾಸ್ಯ ಮಾಡುವುದು ಸರಿಯಲ್ಲ ಎಂದು ಕ್ಲೈಟಸ್ ತಕರಾರು ತೆಗೆದ. ಹೇಡಿತನಕ್ಕೆ ದುರದೃಷ್ಟ ಅಂತ ಹೆಸರಿಟ್ಟು ತನ್ನದನ್ನೇ ಸಮರ್ಥಿಸಿಕೊಳ್ಳುತ್ತಿದ್ದಾನೆ ಎಂದು ರಾಜ ಚುಚ್ಚಿದ. ಗ್ರಾನಿಕಸ್‌ನ ಬಂಟನಿಗೆ ಹೇಡಿ ಎಂಬ ಸುಳಿವು! ಕ್ಲೈಟಸ್ ಎದ್ದು ನಿಂತ. ಆ ಹೇಡಿಯೇ ಅಲ್ಲವೇ ಅಂದು ದೇವರ ಮಗನ ಜೀವ ಕಾಪಾಡಿದ್ದು ಎಂದ. ಬಲಗೈ ಎತ್ತಿ ತೋರಿಸಿದ. ಫಿಲಿಪನನ್ನು ತಂದೆ ಅಲ್ಲ ಅಂತ ತಳ್ಳಿಹಾಕಿದರೂ ಈ ದೊಡ್ಡಸ್ತಿಕೆ ಬಂದದ್ದು ಮ್ಯಾಸಿಡೋನಿಯಾದವರ ರಕ್ತದಿಂದ ಎಂದ. ಆರು ವರ್ಷ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತು.

ಅಲೆಕ್ಸಾಂಡರ್ ಕೈಗೆ ಸಿಕ್ಕ ಸೇಬನ್ನೇ ಎಸೆದ. ಕತ್ತಿಗೆ ತಡಕಾಡಿದ. ಕಾವಲುಗಾರ ಅದನ್ನು ಮೊದಲೇ ಬಚ್ಚಿಟ್ಟಿದ್ದ. ಆಗ ರಾಜ ಗ್ರೀಕ್ ಮಾತು ಬಿಟ್ಟು ತನ್ನ ನಾಡಿನ ಮ್ಯಾಸಿಡೋನಿಯಾದ ಮಾತಿನಲ್ಲಿ ಕಾವಲಿನವರನ್ನು ಕೂಗಿದ. ಸಿಟ್ಟು ಮಿತಿ ಮೀರಿದಾಗ ಬಾಯಿಗೆ ಬರುವುದು ಹುಟ್ಟಿದೂರಿನ ಮಾತೇ ನೋಡಿ, ಮೈಮೇಲೆ ಯಾವ ದೇಶದ ಅಂಗಿ ಇದ್ದರೂ. ಕಹಳೆ ಊದಲು ಆಜ್ಞೆ ಮಾಡಿದ. ಕಹಳೆಯವನು ಊದಲಿಲ್ಲ, ಗುದ್ದು ತಿಂದ. ಊದಿದ್ದರೆ ಇಡೀ ಪಾಳೆಯವೇ ಎದ್ದು ಬರುತ್ತಿತ್ತು. ತನ್ನ ಗತಿ ಬೆಸ್ಸಸನ ಕೈಗೆ ಸಿಕ್ಕ ಡೇರಿಯಸನ ಹಾಗಾಯಿತು ಎಂದು ಅಲೆಕ್ಸಾಂಡರ್ ಕೂಗಾಡಿದ ಎಂದು ಅರಿಯನ್ ಬರೆಯುತ್ತಾನೆ. ನನಗೆ ಮುಖ್ಯ ಅನಿಸುವುದು ಇದು. ಸುತ್ತ ಇದ್ದವರು ಅವನನ್ನು ತಡೆಯುತ್ತಿದ್ದದ್ದು ಅವನದೇ ಒಳ್ಳೆಯದಕ್ಕೆ. ಅವನ ಕಣ್ಣಿಗೆ ಅದು ಸಂಚಾಗಿ ಕಂಡಿತು.

ಸ್ನೇಹಿತರು ಕ್ಲೈಟಸನನ್ನು ಹೇಗೋ ಹೊರಗೆ ತಳ್ಳಿಕೊಂಡು ಹೋದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವನು ಇನ್ನೊಂದು ಬಾಗಿಲಿನಿಂದ ವಾಪಸ್ ಬಂದ, ಮತ್ತೆ ಹಂಗಿಸುತ್ತಲೇ ಬಂದ. ಯಾಕೆ ಬಂದ? ಕುಡಿದಿದ್ದ ಅಂತ ಹೇಳಿಬಿಡಬಹುದು. ಆದರೆ ಬೆನ್ನು ತೋರಿಸಿ ಹೋಗುವುದು ಆ ಮನುಷ್ಯನಿಗೆ ಗೊತ್ತೇ ಇರಲಿಲ್ಲ. ಜೊತೆಗೆ, ತಾನು ಕೂಸಾಗಿದ್ದಾಗಿಂದ ಕಂಡ ಹುಡುಗ ತನ್ನ ಮೇಲೆ ನಿಜವಾಗಿ ಕೈ ಎತ್ತುತ್ತಾನೆ ಎಂದು ಅವನು ನಂಬಿರಲಿಕ್ಕಿಲ್ಲ. ಪರದೆ ಸರಿಸಿ ಒಳಗೆ ಬರುತ್ತಿದ್ದ ಹಾಗೆ ಅಲೆಕ್ಸಾಂಡರ್ ಕಾವಲಿನವನ ಈಟಿ ಕಿತ್ತುಕೊಂಡು ಇರಿದ. ಕ್ಲೈಟಸ್ ಬಿದ್ದ.

ಬಿದ್ದ ಕೂಡಲೇ ಸಿಟ್ಟು ಇಳಿಯಿತು. ಅದೇ ಈಟಿಯನ್ನು ಕಿತ್ತು ತನ್ನ ಕತ್ತಿಗೆ ಇಟ್ಟುಕೊಳ್ಳಲು ಹೋದ, ಕಾವಲಿನವರು ಕೈ ಹಿಡಿದು ಎಳೆದರು. ಹಾಸಿಗೆ ಮೇಲೆ ಬಿದ್ದು ಕ್ಲೈಟಸನ ಹೆಸರು, ಲಾನಿಕೆಯ ಹೆಸರು ಕೂಗಿ ಕೂಗಿ ಅತ್ತ. ಸಾಕಿದ ತಾಯಿಗೆ ತಾನು ಕೊಟ್ಟ ಉಡುಗೊರೆ ಇದೇ, ಮಕ್ಕಳು ತನಗಾಗಿ ಸತ್ತರು, ಸೋದರನನ್ನು ತಾನೇ ಕೊಂದೆ ಎಂದು ಹಲುಬಿದ. ಮೂರು ದಿನ ಅನ್ನನೀರು ಮುಟ್ಟಲಿಲ್ಲ.

ಸಮಾಧಾನ ಹೇಳಲು ಬಂದವರಲ್ಲಿ ಅನಾಕ್ಸಾರ್ಕಸ್ ಎಂಬ ತತ್ವಜ್ಞಾನಿಯೂ ಒಬ್ಬ. ದೇವರಾಜ ಸ್ಯೂಸ್‌ನ ಪಕ್ಕದಲ್ಲಿ ನ್ಯಾಯದೇವತೆ ಕೂತಿರುತ್ತಾಳೆ, ಹಾಗೆಯೇ ಚಕ್ರವರ್ತಿ ಮಾಡಿದ್ದೆಲ್ಲ ನ್ಯಾಯವೇ, ಅಳುವುದೇಕೆ ಎಂದು ಅವನು ಹೇಳಿದ. ರಾಜನಿಗೆ ಆ ಮಾತು ಹಿಡಿಸಿತು, ಎದ್ದು ಊಟ ಮಾಡಿದ. ಈ ಸಮಾಧಾನ ಆ ಕೊಲೆಗಿಂತ ದೊಡ್ಡ ಕೇಡು ಎಂದು ನಾನು ಹೇಳುತ್ತೇನೆ. ಕೊಲೆ ಮಾಡಿದ್ದು ಕುಡಿತ ಮತ್ತು ಸಿಟ್ಟು. ಈ ಮಾತು ಹೇಳಿದವನು ಎಚ್ಚರವಾಗಿದ್ದ. ಸೈನ್ಯದವರು ಕೂಡ, ಕ್ಲೈಟಸನನ್ನು ಕೊಂದದ್ದು ಸರಿ ಎಂದು ತೀರ್ಮಾನ ಮಾಡಿದರಂತೆ. ಹೆಣಕ್ಕೆ ಸಂಸ್ಕಾರವಾದದ್ದು ರಾಜನೇ ಹೇಳಿದ ಮೇಲೆ.

ಆಮೇಲಿನದು ನಿಮಗೆ ಗೊತ್ತಿರುವ ಕಥೆ. ಕ್ರಿ.ಪೂ. 326ರಲ್ಲಿ ಜೇಲಂ ದಂಡೆಯಲ್ಲಿ ಪೋರಸ್ ಜೊತೆ ಯುದ್ಧ ನಡೆಯಿತು. ಬ್ಯುಸೆಫಾಲಸ್ ಸತ್ತದ್ದು ಅಲ್ಲಿಯೇ, ಅದರ ಹೆಸರಿನಲ್ಲಿ ಒಂದು ಊರನ್ನೇ ಕಟ್ಟಿಸಿದ. ಮುಂದೆ ಬಿಯಾಸ್ ನದಿಯ ಹತ್ತಿರ ಸೈನಿಕರು ಇನ್ನು ಕಾಲು ಎತ್ತುವುದಿಲ್ಲ ಎಂದು ಕೂತುಬಿಟ್ಟರು. ರಾಜ ಎಷ್ಟು ಹೇಳಿದರೂ ಬಹಳ ಹೊತ್ತು ಒಬ್ಬನೂ ಬಾಯಿ ಬಿಡಲಿಲ್ಲ. ಕೊನೆಗೆ ಕೊಯಿನಸ್ ಎಂಬ ಹಳೆ ಸೇನಾನಿ ಎದ್ದು ಸೈನಿಕರ ಪರ ಮಾತಾಡಿದ. ಎರಡು ವರ್ಷದ ಹಿಂದೆ ಕ್ಲೈಟಸನಿಗೆ ಏನಾಯಿತು ಎಂದು ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಆದರೂ ಎದ್ದ. ಅಲೆಕ್ಸಾಂಡರ್ ಸಿಟ್ಟಿನಿಂದ ಡೇರೆಯೊಳಗೆ ಹೋಗಿ ಮೂರು ದಿನ ಯಾರಿಗೂ ಮುಖ ತೋರಿಸಲಿಲ್ಲ. ಆಮೇಲೆ ಹೊರಗೆ ಬಂದು ಸೈನ್ಯ ಹಿಂದಕ್ಕೆ ತಿರುಗಲಿ ಎಂದ.

ಕ್ರಿ.ಪೂ. 324ರಲ್ಲಿ ಹೆಫಾಸ್ಟಿಯನ್ ಕಾಯಿಲೆ ಬಿದ್ದು ಸತ್ತ. ಮರುವರ್ಷ ಜೂನ್ ತಿಂಗಳಲ್ಲಿ ಬ್ಯಾಬಿಲೋನಿನಲ್ಲಿ ಅಲೆಕ್ಸಾಂಡರನಿಗೂ ಜ್ವರ ಬಂತು. ಮೂವತ್ಮೂರು ತುಂಬಿರಲಿಲ್ಲ. ಕೊನೆಯ ದಿನಗಳಲ್ಲಿ ಮಾತು ನಿಂತುಹೋಗಿತ್ತು. ಸೈನಿಕರು ರಾಜನನ್ನು ನೋಡಲೇಬೇಕೆಂದು ಹಟ ಹಿಡಿದು ಒಬ್ಬೊಬ್ಬರಾಗಿ ಹಾಸಿಗೆಯ ಮುಂದೆ ಹಾದುಹೋದರು. ಅವನು ಕಷ್ಟಪಟ್ಟು ತಲೆ ಎತ್ತಿ, ಒಬ್ಬೊಬ್ಬರನ್ನೂ ಕಣ್ಣಿನಲ್ಲೇ ಮಾತಾಡಿಸಿ ಕಳಿಸಿದ.